ಕೊಲ್ಲಬೇಡಿ, ಅದು ಕಾಯ್ತಾ ಇದೆ

ಅತ್ತಿಗೆ ‘ಸೇವ್’ ಒತ್ತಿದ್ದಕ್ಕೂ ಕರೆಂಟು ಹೋದದ್ದಕ್ಕೂ ಒಂದು ಉಸಿರಿನ ಅಂತರವಿರಲಿಲ್ಲ. ದೀಪಗಳು ಎರಡು ಸಲ ಮಿಟುಕಿ ಆರಿದವು. ಮೂಲೆಯ ಪ್ರಿಂಟರ್ ಸುಮ್ಮನಾಯಿತು, ರೌಟರ್ ಸತ್ತಿತು. ಇಡೀ ಮನೆಯಲ್ಲಿ ಉಳಿದ ಬೆಳಕೆಂದರೆ ಅಡುಗೆಮನೆಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪು. ಅದರ ಪರದೆಯ ತುಂಬ ಅಜ್ಜನ ಮಾತು. ಕರ್ಸರ್ ಮಾತ್ರ ಮಿಡಿಯುವುದನ್ನು ನಿಲ್ಲಿಸಿತ್ತು.

2012ರ ಅಕ್ಟೋಬರ್ 29, ಸೋಮವಾರ. ಸ್ಯಾಂಡಿ ಚಂಡಮಾರುತ ಸಂಜೆ ಏಳೂವರೆಯ ಸುಮಾರಿಗೆ ನ್ಯೂಜೆರ್ಸಿಯ ಬ್ರಿಗಂಟೀನ್ ಹತ್ತಿರ ದಡ ಹತ್ತಿತು. ನಾವಿದ್ದದ್ದು ಫ್ರಾಂಕ್ಲಿನ್ ಟೌನ್‌ಶಿಪ್‌ನ ಸಮರ್‌ಸೆಟ್‌ನಲ್ಲಿ. ಸಮುದ್ರ ಇಲ್ಲಿಗೆ ಬರುವುದಿಲ್ಲ, ಬರುವುದು ಗಾಳಿ. ನೂರು ವರ್ಷ ನಿಂತ ಓಕ್ ಮರಗಳು ಇಲ್ಲಿ ಮನೆಗೊಂದು ಇವೆ, ಅವುಗಳ ಕೊಂಬೆಗಳ ನಡುವೆಯೇ ವಿದ್ಯುತ್ ತಂತಿಗಳು ಹಾದುಹೋಗುತ್ತವೆ. ಆ ರಾತ್ರಿ ರಾಜ್ಯದಲ್ಲಿ ಕರೆಂಟು ಕಳೆದುಕೊಂಡ ಮನೆ, ಮಳಿಗೆಗಳು ಇಪ್ಪತ್ತು ಲಕ್ಷಕ್ಕೂ ಹೆಚ್ಚು.

“ಫೈಲ್ ನೋಡು, ಫೈಲ್ ನೋಡು” ಎಂದರು ಅತ್ತಿಗೆ. ನಾನು ಇನ್ನೊಂದು ಕಿಟಕಿ ತೆರೆದು ನೋಡಿದೆ. ಫೈಲು ಇತ್ತು. ಗಾತ್ರ: ಸೊನ್ನೆ ಬೈಟ್.

ಹಳೆಯ ತಂತ್ರಾಂಶಗಳ ಕೆಟ್ಟ ಚಾಳಿ ಇದು. ಉಳಿಸುವಾಗ ಮೊದಲು ಇರುವ ಫೈಲನ್ನು ಬರಿದು ಮಾಡುತ್ತವೆ, ಆಮೇಲೆ ಹೊಸದನ್ನು ಬರೆಯುತ್ತವೆ. ಬರಿದು ಮಾಡುವ ಕೆಲಸ ಮುಗಿದಿತ್ತು. ಬರೆಯುವ ಮೊದಲೇ ತಂತ್ರಾಂಶ ಸೆಟೆದು ನಿಂತಿತ್ತು. ಅಜ್ಜ ಹೇಳಿದ್ದೆಲ್ಲ ಈಗ ಡಿಸ್ಕಿನಲ್ಲಿರಲಿಲ್ಲ. ಮೆಮೊರಿ ಚಿಪ್ಪಿನಲ್ಲಿ, ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಬದುಕಿತ್ತು. ಬ್ಯಾಟರಿ ಶೇಕಡಾ 31 ತೋರಿಸುತ್ತಿತ್ತು.

ಅಜ್ಜ ಯಾವತ್ತೂ ಹೇಳದಿದ್ದ ಕತೆ ಅದು. ಸಾಗರ ತಾಲೂಕಿನ ಅವರ ಊರು 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಡಿ ಹೋಯಿತು. ಮನೆಯ ತೊಲೆ, ಜಂತಿಗಳನ್ನು ಬಿಚ್ಚಿ ಗಾಡಿಗೆ ಹೇರಿದ್ದು, ನೀರು ಅಂಗಳದ ತುಳಸಿಕಟ್ಟೆಗೆ ಬಂದದ್ದು, ಹಿಂತಿರುಗಿ ಹೋಗಿ ನಿಂತ ದನ, ಇದನ್ನೆಲ್ಲ ಮಕ್ಕಳು ಕೇಳಿದರೂ ಅವರು ಬಾಯಿ ಬಿಟ್ಟವರಲ್ಲ. ಕನ್ನಡ ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಬೇಕು ಎಂದು ಮೊಮ್ಮಗನ ಹೆಂಡತಿ ಬೇಡಿಕೊಂಡಾಗ ಒಪ್ಪಿದ್ದರು, ಒಂದು ಷರತ್ತಿನ ಮೇಲೆ: “ಒಂದೇ ಸಲ ಹೇಳ್ತೀನಿ ಮಗಾ. ಇನ್ನೊಂದು ಸಲ ಕೇಳ್ಬೇಡ.” ಚಂಡಮಾರುತಕ್ಕೆಂದು ಆಫೀಸುಗಳೆಲ್ಲ ಮುಚ್ಚಿದ್ದ ಆ ಬೆಳಗ್ಗೆ, ಅಲ್ಲಿ ಸಂಜೆ, ಫೋನಿನಲ್ಲಿ ಅವರು ಹೇಳುತ್ತ ಹೋದರು, ಅತ್ತಿಗೆ ನೇರವಾಗಿ ಟೈಪಿಸುತ್ತ ಹೋದರು. ಸಂಚಿಕೆಯ ಉಳಿದ ಪುಟಗಳು ಪೆನ್‌ಡ್ರೈವ್‌ನಲ್ಲಿ ಭದ್ರವಾಗಿದ್ದವು. ಅಜ್ಜನ ಲೇಖನ ಮಾತ್ರ ಆ ದಿನದ್ದು.

ಲ್ಯಾಪ್‌ಟಾಪ್ ಲಿನಕ್ಸಿನದು. ಪುಟ ಕಟ್ಟುವ ತಂತ್ರಾಂಶ ವಿಂಡೋಸಿನದು. ಆ ದಿನಗಳಲ್ಲಿ ಕನ್ನಡ ಅಚ್ಚಿನ ಕೆಲಸ ಅಂದರೆ ವಿಂಡೋಸ್. 1998ರಲ್ಲಿ ಬಂದ ‘ಬರಹ’ವಾಗಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಾಗಲಿ, ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ. ಮುದ್ರಣಾಲಯದವರು ಕೇಳುತ್ತಿದ್ದದ್ದು ಅದೇ ಅಕ್ಷರ, ಅದೇ ಫಾಂಟು. ಹಾಗಾಗಿ ನಡುವೆ ‘ವೈನ್’ ಬೇಕಿತ್ತು. 1993ರಲ್ಲಿ ಶುರುವಾಗಿ, ಮರುವರ್ಷದಿಂದ ಅಲೆಕ್ಸಾಂಡ್ರ್ ಜೂಲಿಯಾರ್ ಮುನ್ನಡೆಸಿದ, 1.0 ಆವೃತ್ತಿಗೆ ಬರಲು 2008ರವರೆಗೆ ಕಾದ ತಂತ್ರಾಂಶ ಅದು. ವಿಂಡೋಸ್ ತಂತ್ರಾಂಶ ಕೇಳುವುದನ್ನೆಲ್ಲ ಲಿನಕ್ಸಿಗೆ ಅರ್ಥವಾಗುವಂತೆ ಮಾಡಿಸಿಕೊಡುತ್ತದೆ. ವಿಂಡೋಸಿನ ಪ್ರತಿ ಪ್ರೋಸೆಸ್ ಇಲ್ಲಿ ನಿಜವಾಗಿಯೂ ಒಂದು ಲಿನಕ್ಸ್ ಪ್ರೋಸೆಸ್. ನೋಡಬಹುದು, ನಿಲ್ಲಿಸಬಹುದು, ಕೊಲ್ಲಬಹುದು. ಆ ರಾತ್ರಿಯ ಅಪಾಯವೂ ಅದೇ, ದಾರಿಯೂ ಅದೇ.

ಹಿತ್ತಲಿನಲ್ಲಿ ಏನೋ ಸೀಳಿದ ಸದ್ದು.

“ಕೆಳಗೆ ಹೋಗಿ! ಎಲ್ಲರೂ ಬೇಸ್‌ಮೆಂಟಿಗೆ!” ಅಣ್ಣ ಕೂಗಿದ. ಮಗ ಪುಟ್ಟನನ್ನು ಎತ್ತಿಕೊಂಡ. ನಾನು ಟಾರ್ಚು ಹಿಡಿದೆ. ಅತ್ತಿಗೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ, ತೆರೆದಂತೆಯೇ ಎತ್ತಿಕೊಂಡು ಮೆಟ್ಟಿಲಿಳಿದರು. ಮುಚ್ಚಳ ಮುಚ್ಚುವಂತಿರಲಿಲ್ಲ. ಆ ಯಂತ್ರ ಒಮ್ಮೆ ಮಲಗಿದರೆ ಮತ್ತೆ ಏಳುವುದು ಅನುಮಾನ, ಎದ್ದರೂ ಪರದೆ ಕಪ್ಪಾಗಿಯೇ ಇರುತ್ತಿತ್ತು. ಕೊನೆಯ ಮೆಟ್ಟಿಲಿನಲ್ಲಿದ್ದಾಗ ಮನೆಯೇ ಅಲುಗಿತು. ಓಕ್ ಮರ ಗ್ಯಾರೇಜಿನ ಮುಂದಕ್ಕೆ ಉರುಳಿತ್ತು, ಬೀಳುವಾಗ ತಂತಿಯನ್ನೂ ಎಳೆದುಕೊಂಡು. ನೆಲಮಟ್ಟದ ಪುಟ್ಟ ಕಿಟಕಿಯಲ್ಲಿ ಒಂದು ಕ್ಷಣ ನೀಲಿ ಬೆಳಕು ಹೊಡೆಯಿತು. ಕಾರಿನಲ್ಲಿ ಇನ್ವರ್ಟರ್ ಇತ್ತು, ಲ್ಯಾಪ್‌ಟಾಪಿಗೆ ಬೇಕಾದಷ್ಟು ವಿದ್ಯುತ್ತು ಅದರಿಂದ ಸಿಗುತ್ತಿತ್ತು. ಆದರೆ ಕಾರು ತಂತಿಯ ಆಚೆಗಿತ್ತು. ಬಿದ್ದ ತಂತಿಯಲ್ಲಿ ಜೀವ ಇದೆಯೋ ಇಲ್ಲವೋ ಎಂದು ಪರೀಕ್ಷಿಸಿ ನೋಡುವ ದಡ್ಡತನ ಯಾರೂ ಮಾಡಬಾರದು. ಕಾರಿನ ಆಸೆ ಅಲ್ಲಿಗೆ ಬಿಟ್ಟೆವು.

ಶೇಕಡಾ 24.

“ಇಷ್ಟು ಬೇಗ ಯಾಕೆ ಇಳೀತಾ ಇದೆ?” ಪರದೆಯ ಬೆಳಕು ಕನಿಷ್ಠಕ್ಕಿಳಿಸಿಯಾಗಿತ್ತು, ವೈಫೈ ಆರಿಸಿಯಾಗಿತ್ತು. ಆದರೂ ಫ್ಯಾನು ಬುಸುಗುಡುತ್ತಿತ್ತು. ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ ತೋರಿಸುವ ‘ಟಾಪ್’ ಅನ್ನು ಅತ್ತಿಗೆ ಓಡಿಸಿದರು. ಪಟ್ಟಿಯ ನೆತ್ತಿಯ ಮೇಲೆ ಒಂದು ಇಎಕ್ಸ್‌ಇ ಕೂತಿತ್ತು. ಪ್ರೊಸೆಸರಿನ ಒಂದು ಕೋರನ್ನು ನೂರಕ್ಕೆ ನೂರು ನುಂಗುತ್ತಿತ್ತು. ಹೆಸರು ಅರ್ಧಕ್ಕೇ ಕತ್ತರಿಸಿಹೋಗಿತ್ತು. ಲಿನಕ್ಸ್ ಪ್ರೋಸೆಸ್‌ನ ಹೆಸರಿಗೆ ಹದಿನೈದು ಅಕ್ಷರದ ಜಾಗ ಮಾತ್ರ ಕೊಡುತ್ತದೆ, ವಿಂಡೋಸಿನವರೋ ಉದ್ದುದ್ದ ಹೆಸರಿಡುವವರು.

ಅಣ್ಣ ಬಗ್ಗಿ ನೋಡಿದ. “ಇದೇ ಸೆಟೆದುಕೊಂಡಿರೋದು. ಒಂದು ಕೆಲಸ ಮಾಡ್ತೀನಿ, ವೈನ್‌ಸರ್ವರ್‌ಗೇ ಕಿಲ್ ಮೈನಸ್ 9 ಹಾಕ್ತೀನಿ. ಎಲ್ಲ ಒಂದೇ ಸಲ ಸ್ವಚ್ಛ.” ಹೇಳುತ್ತ ಟೈಪ್ ಮಾಡಿಯೇಬಿಟ್ಟಿದ್ದ. ಬೆರಳು ಎಂಟರ್ ಕೀಲಿಯ ಮೇಲಿತ್ತು.

ಅತ್ತಿಗೆ ಅವನ ಮಣಿಕಟ್ಟು ಹಿಡಿದರು. “ಕೈ ತೆಗೀರಿ.”

ಪಿಸ್ಕ್ಯಾಟವೇಯ ಕಂಪನಿಯೊಂದರಲ್ಲಿ ಸರ್ವರ್‌ಗಳನ್ನು ಕಾಯುವುದೇ ಅವರ ಕೆಲಸ. ರಾತ್ರಿ ಮೂರಕ್ಕೆ ಫೋನು ಬಂದರೂ ದನಿ ಏರದ ಜನ. ಆಗಲೂ ಏರಲಿಲ್ಲ. “ಅದು ಸತ್ತರೆ ಅದರ ಕೈ ಹಿಡಿದಿರೋದೆಲ್ಲ ಸಾಯತ್ತೆ. ಅಜ್ಜನ ಬರಹಾನೂ.”

ಅವರು ಹೇಳಿದ್ದು ಸರಿ. ವೈನ್‌ನಲ್ಲಿ ತಂತ್ರಾಂಶಗಳು ಒಂಟಿಯಾಗಿ ಬದುಕುವುದಿಲ್ಲ. ಹಿಂದೆ ವೈನ್‌ಸರ್ವರ್ ಎಂಬುದೊಂದು ಇರುತ್ತದೆ, ಕೂಡುಕುಟುಂಬದ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿಯ ಹಾಗೆ. ಯಾವ ಕಿಟಕಿಗೆ ಯಾವ ಸಂದೇಶ, ಯಾರು ಯಾರಿಗಾಗಿ ಕಾಯಬೇಕು, ರಿಜಿಸ್ಟ್ರಿಯಲ್ಲಿ ಏನಿದೆ, ಎಲ್ಲ ಅದರ ಲೆಕ್ಕ. ನಿಜವಾದ ವಿಂಡೋಸಿನಲ್ಲಿ ಕರ್ನಲ್ ಮಾಡುವ ಎಷ್ಟೋ ಕೆಲಸವನ್ನು ಇಲ್ಲಿ ಇದೊಂದು ಸಾಧಾರಣ ಪ್ರೋಸೆಸ್ ಮಾಡುತ್ತದೆ. ಅದನ್ನು ಕೊಂದರೆ ಅದನ್ನು ನಂಬಿದವರೆಲ್ಲ ಆ ಕ್ಷಣವೇ ಮುಗಿದರು. ಬಾಗಿಲು ತಟ್ಟಿ ‘ಉಳಿಸಲೇ?’ ಎಂದು ಕೇಳುವ ಮರ್ಯಾದೆಯೂ ಇಲ್ಲ. ಕಿಲ್ ಮಾಡುವುದನ್ನೇ ಜಾಣತನ ಎಂದು ತಿಳಿದ ಎಷ್ಟೋ ಜನರನ್ನು ನಾನು ನೋಡಿದ್ದೇನೆ. ಅಣ್ಣನನ್ನು ಹೊರತುಪಡಿಸಿ ಹೇಳುತ್ತಿಲ್ಲ.

ಅತ್ತಿಗೆ ಪ್ರೋಸೆಸ್ ಪಟ್ಟಿಯನ್ನು ಪೂರ್ತಿ ತೆರೆದರು. ಇಬ್ಬರು ಎಕ್ಸ್‌ಪ್ಲೋರರ್. ಇಬ್ಬರು ಸರ್ವಿಸಸ್. ಇಬ್ಬರು ವೈನ್‌ಡಿವೈಸ್. ವೈನ್‌ಸರ್ವರೂ ಎರಡು! ಅಂದರೆ ಎರಡು ಬೇರೆ ಸಂಸಾರಗಳು, ವೈನ್‌ನ ಭಾಷೆಯಲ್ಲಿ ಎರಡು ಪ್ರಿಫಿಕ್ಸ್. ಪ್ರತಿ ಪ್ರಿಫಿಕ್ಸಿಗೂ ಅದರದೇ ಸಿ ಡ್ರೈವ್, ಅದರದೇ ರಿಜಿಸ್ಟ್ರಿ, ಅದರದೇ ವೈನ್‌ಸರ್ವರ್.

“ಪುಟ್ಟಾ, ಇದರಲ್ಲಿ ಆಟ ಆಡಿದ್ಯೇನೋ?”

ಕಂಬಳಿಯೊಳಗಿಂದ ಸಣ್ಣ ದನಿ. “ನಿನ್ನೆ. ಆದ್ರೆ ಮುಚ್ಚಿದ್ದೆ ಅಮ್ಮಾ. ಎಕ್ಸ್ ಒತ್ತಿದ್ದೆ.”

ಕಿಟಕಿ ಮುಚ್ಚಿತ್ತು, ಆಟ ಸತ್ತಿರಲಿಲ್ಲ. ಪರದೆಯಲ್ಲಿ ಕಾಣದೆ, ಒಳಗೆ ಸುತ್ತುತ್ತ, ಅಜ್ಜನ ಬ್ಯಾಟರಿಯನ್ನು ಕುಡಿಯುತ್ತಿತ್ತು. ಕೊಲ್ಲಬೇಕಾದ್ದು ಅದನ್ನು. ಆದರೆ ಈ ಎರಡು ಸರ್ವರ್‌ಗಳಲ್ಲಿ ಆಟದ್ದು ಯಾವುದು? ಹೆಸರು ಒಂದೇ, ಮಾಲೀಕ ಒಬ್ಬನೇ.

ಶೇಕಡಾ 19. ಮೇಲೆ ಗಾಳಿ ರೈಲಿನಂತೆ ಹಾಯುತ್ತಿತ್ತು.

ಲಿನಕ್ಸಿನಲ್ಲಿ ಪ್ರೋಕ್ ಎಂಬ ಫೋಲ್ಡರಿದೆ. ಓಡುತ್ತಿರುವ ಪ್ರತಿ ಪ್ರೋಸೆಸ್‌ಗೂ ಅಲ್ಲಿ ಅದರ ಸಂಖ್ಯೆಯದೇ ಒಂದು ಕೋಣೆ. ಒಳಗೆ ಎನ್ವಿರಾನ್ ಎಂಬ ಫೈಲು. ಆ ಪ್ರೋಸೆಸ್ ಹುಟ್ಟುವಾಗ ಯಾವ ಯಾವ ಸೆಟ್ಟಿಂಗ್ ಹೊತ್ತು ಬಂತು ಎಂಬುದು ಅದರಲ್ಲಿ ಬರೆದಿರುತ್ತದೆ. ಅತ್ತಿಗೆ ಎರಡನ್ನೂ ಓದಿದರು. ಒಂದರಲ್ಲಿ ವೈನ್‌ಪ್ರಿಫಿಕ್ಸ್ ಎಂಬ ಸಾಲು, ಅದರ ಮುಂದೆ ಪುಟ್ಟನ ಆಟದ ಫೋಲ್ಡರಿನ ಹೆಸರು. ಇನ್ನೊಂದರಲ್ಲಿ ಆ ಸಾಲೇ ಇರಲಿಲ್ಲ. ಸಾಲಿಲ್ಲದಿದ್ದರೆ ಮೂಲ ಪ್ರಿಫಿಕ್ಸ್. ಅಜ್ಜ ಇದ್ದದ್ದು ಅಲ್ಲಿ.

ಇನ್ನು ‘ವೈನ್‌ಸರ್ವರ್ ಮೈನಸ್ ಕೆ’ ಎಂದರೆ ಸಾಕು, ಆ ಸಂಸಾರವೇ ಖಾಲಿ. ಆದರೆ ಯಾವ ಪ್ರಿಫಿಕ್ಸ್ ಎಂದು ಮುಂಚೆ ಹೇಳದಿದ್ದರೆ ಅದು ನೇರ ಮೂಲ ಪ್ರಿಫಿಕ್ಸಿಗೇ ಹೋಗಿ ಬೀಳುತ್ತದೆ. ಒಂದು ಪದ ಮರೆತರೆ ಅಜ್ಜ ಹೋದರು. ಅತ್ತಿಗೆ ಫೋಲ್ಡರಿನ ದಾರಿಯನ್ನು ಅಕ್ಷರ ಅಕ್ಷರವಾಗಿ ಟೈಪಿಸಿದರು. ನಾನು ಟಾರ್ಚಿನ ಬೆಳಕಿನಲ್ಲಿ ಗಟ್ಟಿಯಾಗಿ ಓದಿದೆ. ಅಣ್ಣ ಇನ್ನೊಮ್ಮೆ ಓದಿದ. ಎಂಟರ್.

ಫ್ಯಾನು ನಿಂತಿತು. ಅದೆಂಥ ನೆಮ್ಮದಿಯ ಮೌನ! ಪಟ್ಟಿಯಲ್ಲಿ ಈಗ ಒಂದೇ ಸಂಸಾರ, ಅದರ ನಡುವೆ ಪುಟ ಕಟ್ಟುವ ತಂತ್ರಾಂಶ, ಪ್ರೊಸೆಸರ್ ಬಳಕೆ ಸೊನ್ನೆ.

“ಸೊನ್ನೆ ಅಂದ್ರೆ ಸತ್ತಿದ್ಯಾ?” ಎಂದೆ.

“ಸತ್ತಿಲ್ಲ. ಕಾಯ್ತಾ ಇದೆ. ಯಾರಿಗೆ ಅಂತ ನೋಡ್ಬೇಕು.”

ಅದಕ್ಕೂ ಮೊದಲು ಅವರು ಇನ್ನೊಂದು ಕೆಲಸ ಮಾಡಿದರು. ಆ ಕೆಲಸಕ್ಕಾಗಿ ಇವತ್ತಿಗೂ ಅವರಿಗೆ ನಮಸ್ಕಾರ. ಜಿಡಿಬಿ ಎಂಬ ಡೀಬಗ್ಗರಿನ ಜೊತೆ ‘ಜಿಕೋರ್’ ಎಂಬ ಸಲಕರಣೆ ಬರುತ್ತದೆ. ಓಡುತ್ತಿರುವ ಪ್ರೋಸೆಸ್‌ನ ಮೆಮೊರಿಯನ್ನು ಇದ್ದದ್ದು ಇದ್ದ ಹಾಗೆ ಡಿಸ್ಕಿಗೆ ಇಳಿಸುವುದೇ ಅದರ ಕೆಲಸ, ಪ್ರೋಸೆಸ್‌ನ ಪ್ರಾಣ ತೆಗೆಯದೆ. “ಏನಾದ್ರೂ ಮುಟ್ಟೋ ಮೊದಲು ಪ್ರತಿ ತೆಗೀಬೇಕು.” ಆಜ್ಞೆ ಕೊಟ್ಟರು. ನಿರಾಕರಣೆ ಬಂತು. ಲ್ಯಾಪ್‌ಟಾಪಿನಲ್ಲಿದ್ದ ಲಿನಕ್ಸ್, ಉಬುಂಟು, 2010ರಿಂದೀಚೆಗೆ ಒಂದು ಪ್ರೋಸೆಸ್ ತನ್ನ ಮಕ್ಕಳಲ್ಲದ ಇನ್ನೊಂದರ ಮೆಮೊರಿಗೆ ಕೈ ಹಾಕದಂತೆ ತಡೆದಿದೆ. ಕಳ್ಳರಿಗೆ ಹಾಕಿದ ಬೀಗ. ಮನೆಯವರಿಗೂ ಕೀಲಿ ಬೇಕು. ಸುಡೋ. ಪಾಸ್‌ವರ್ಡ್. ಕತ್ತಲಲ್ಲಿ, ನಡುಗುವ ಬೆರಳಲ್ಲಿ, ತಪ್ಪಿತು. ಮತ್ತೆ. ಡಿಸ್ಕಿನ ಕೆಂಪು ದೀಪ ಮಿಣಮಿಣ ಎನ್ನತೊಡಗಿತು. ಕೆಲವು ನೂರು ಎಂಬಿ. ಬ್ಯಾಟರಿ 15. 14. ದೀಪ ನಿಂತಿತು. ಫೈಲು ಬಂತು, ಸೊನ್ನೆಯಲ್ಲದ ಫೈಲು!

ಈಗ ಜಿಡಿಬಿಯಲ್ಲೇ ಒಳಹೊಕ್ಕು ಆ ಪ್ರೋಸೆಸ್ ಎಲ್ಲಿ ನಿಂತಿದೆ ಎಂದು ಕೇಳಿದರು. ಉತ್ತರದ ಕೆಳಭಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು, ವಿಂಡೋಸ್ ತಂತ್ರಾಂಶದ ಒಳಗುಟ್ಟು ಲಿನಕ್ಸಿನ ಸಲಕರಣೆಗೆ ತಿಳಿಯುವುದಿಲ್ಲ. ಮೇಲಿನ ಸಾಲುಗಳು ಮಾತ್ರ ಸ್ಪಷ್ಟ: ಪೋಲ್, ಅದರ ಕೆಳಗೆ ಎಚ್‌ಟಿಟಿಪಿ ವೆಯ್ಟ್, ಅದರ ಕೆಳಗೆ ಕಪ್ಸ್.

ಕಪ್ಸ್ ಅಂದರೆ ಲಿನಕ್ಸಿನಲ್ಲಿ ಮುದ್ರಣದ ಉಸ್ತುವಾರಿ ನೋಡುವ ಸೇವೆ. ಅತ್ತಿಗೆ ನಕ್ಕರು. ಆ ರಾತ್ರಿ ಅವರು ನಕ್ಕದ್ದು ಅದೇ ಮೊದಲು. “ಪ್ರಿಂಟರ್‌ಗೆ ಕಾಯ್ತಾ ಇದೆ ಕಣೋ!” ಪುಟ ಕಟ್ಟುವ ಹಳೆಯ ತಂತ್ರಾಂಶಗಳು ಸಾಲು ಎಲ್ಲಿ ಮುರಿಯಬೇಕೆಂದು ತಿಳಿಯಲು ಪ್ರಿಂಟರನ್ನು ಕೇಳುತ್ತವೆ. ಇದು ವೈನನ್ನು ಕೇಳಿತ್ತು, ವೈನ್ ಕಪ್ಸ್ ಅನ್ನು ಕೇಳಿತ್ತು, ಕಪ್ಸ್ ಮೇಲಿನ ಕೋಣೆಯ ಪ್ರಿಂಟರನ್ನು ಕೇಳಿತ್ತು. ಪ್ರಿಂಟರು ಕರೆಂಟಿಲ್ಲದೆ ಮಲಗಿತ್ತು. ಮೂವರೂ ಸಾಲಾಗಿ ಉಸಿರು ಹಿಡಿದು ನಿಂತಿದ್ದರು.

“ಹಾಗಾದ್ರೆ ಕಪ್ಸ್‌ಗೆ ಮೈನಸ್ 9?” ಎಂದ ಅಣ್ಣ, ಆಸೆಯಿಂದ.

“ಕೊಂದ್ರೆ, ಸೇವೆಗಳನ್ನ ನೋಡ್ಕೊಳ್ಳೋ ಇನಿಟ್ ಅದನ್ನ ಮತ್ತೆ ಹುಟ್ಟಿಸತ್ತೆ. ನಿಲ್ಲು ಅಂತ ಹೇಳ್ಬೇಕು.” ಸೇವೆಯನ್ನು ಕ್ರಮವಾಗಿ ನಿಲ್ಲಿಸುವ ಆಜ್ಞೆ ಕೊಟ್ಟರು. ಕಪ್ಸ್ ನಿಂತಿತು, ಅದರ ಕಡೆಯ ಸಾಕೆಟ್ ಮುಚ್ಚಿತು, ಈ ಕಡೆ ಕಾಯುತ್ತಿದ್ದ ಕರೆ ಸೋತು ಮರಳಿತು.

ಪರದೆ ಉಸಿರಾಡಿತು. ಕರ್ಸರ್ ಮಿಡಿಯಿತು! ಅಜ್ಜನ ಸಾಲುಗಳು ಮತ್ತೆ ಬಣ್ಣ ಪಡೆದವು. ಪುಟ್ಟ ಕಂಬಳಿ ಬಿಸುಟು ಚಪ್ಪಾಳೆ ಹೊಡೆದ. ‘ಪ್ರಿಂಟರ್ ಸಿಗುತ್ತಿಲ್ಲ’ ಎಂಬ ಪೆಟ್ಟಿಗೆಯೊಂದು ಬಂತು. ಬೇರೆ ದಾರಿಯಿಲ್ಲ, ಸರಿ ಎನ್ನಲೇಬೇಕು. ಅಂದೆವು.

ತಂತ್ರಾಂಶ ಒಂದು ಕ್ಷಣ ಯೋಚಿಸಿ, ಕುಸಿದುಬಿದ್ದಿತು.

ವೈನ್‌ನ ಸಭ್ಯ ಕಿಟಕಿ ಮೂಡಿತು, ಗಂಭೀರ ತೊಂದರೆಯಿಂದಾಗಿ ಈ ಪ್ರೋಗ್ರಾಂ ಮುಚ್ಚಬೇಕಾಗಿದೆ ಎಂದು. ಅದರ ಹಿಂದೆ ಅಜ್ಜನ ಊರು ಇನ್ನೊಂದು ಸಲ ಮುಳುಗಿತು. ಡಿಸ್ಕಿನಲ್ಲಿದ್ದ ಮೂಲ ಫೈಲು ಇನ್ನೂ ಸೊನ್ನೆ ಬೈಟ್. ಬ್ಯಾಟರಿ 8.

ಯಾರೂ ಮಾತಾಡಲಿಲ್ಲ. ಅತ್ತಿಗೆ ಕೈ ಚಾಚಿದರು. “ಪೆನ್‌ಡ್ರೈವ್.” ಜೇಬಿನಿಂದ ತೆಗೆದು ಕೊಟ್ಟೆ. ಜಿಕೋರ್ ಇಳಿಸಿದ ಫೈಲನ್ನು ನಕಲಿಗೆ ಹಾಕಿದರು. ಅಗ್ಗದ ಪೆನ್‌ಡ್ರೈವು, ಆಮೆ ವೇಗ. 6. 5. ಪ್ರಾಂಪ್ಟು ಮರಳಿತು, ನಾನು ಕೀಳಲು ಹೋದೆ. “ಮುಟ್ಬೇಡ!” ನಕಲು ಮುಗಿಯಿತೆಂದು ಲಿನಕ್ಸ್ ಹೇಳಿದಾಗ ಅರ್ಧ ಇನ್ನೂ ಮೆಮೊರಿಯಲ್ಲೇ ಇರಬಹುದು. ‘ಸಿಂಕ್’ ಎಂದು ಹೊಡೆದರು. ಪೆನ್‌ಡ್ರೈವಿನ ನೀಲಿ ಚುಕ್ಕಿ ಹೊಳೆಯುತ್ತಲೇ ಇತ್ತು, ಹೊಳೆಯುತ್ತಲೇ ಇತ್ತು, ನಿಂತಿತು. ಕಳಚಿದರು, ಕಿತ್ತರು. ಉಳಿದ ಸಂಸಾರವನ್ನು ‘ವೈನ್‌ಬೂಟ್’ನಿಂದ ಮರ್ಯಾದೆಯಾಗಿ ಮಲಗಿಸುವ ಹೊತ್ತಿಗೆ ಪರದೆ ಆರಿತು.

ಬೆಳಗ್ಗೆ ಬಾಗಿಲು ತೆರೆದರೆ ಬೀದಿಯ ಗುರುತು ಸಿಗಲಿಲ್ಲ. ಆಮೇಲಿನ ದಿನಗಳ ಕಷ್ಟ ಆ ಕಡೆಯವರಿಗೆಲ್ಲ ಗೊತ್ತಿದ್ದದ್ದೇ. ಗ್ಯಾಸ್ ಒಲೆ ಹತ್ತುತ್ತಿದ್ದ ಮನೆಯಲ್ಲಿ ನಾಲ್ಕು ಮನೆಯವರ ಅನ್ನ. ನವೆಂಬರ್ 1ರಂದು ಮೇಣದಬತ್ತಿಯ ಮುಂದೆ ನಾಡಗೀತೆ. ಪೆಟ್ರೋಲ್ ಬಂಕುಗಳ ಮುಂದೆ ಮೈಲಿಯುದ್ದದ ಸಾಲು. 3ನೇ ತಾರೀಕಿನಿಂದ ಸಮರ್‌ಸೆಟ್ ಸೇರಿ ಹನ್ನೆರಡು ಕೌಂಟಿಗಳಲ್ಲಿ ಸಮ, ಬೆಸ ನಂಬರ್ ಪ್ಲೇಟಿನ ಸರದಿ. ಗವರ್ನರ್ ಕ್ರಿಸ್ಟಿ ಹ್ಯಾಲೋವೀನನ್ನೇ ನವೆಂಬರ್ 5ಕ್ಕೆ ಮುಂದೂಡಿದ್ದರು, ಪುಟ್ಟನಿಗೆ ಅದೊಂದೇ ದುಃಖ. 7ರಂದು ಇದೆಲ್ಲ ಸಾಲದೆಂಬಂತೆ ಹಿಮ ಬೇರೆ ಬಿತ್ತು. ಅಷ್ಟರಲ್ಲಿ ಎಡಿಸನ್‌ನ ನೆಂಟರೊಬ್ಬರ ಮನೆಗೆ ಕರೆಂಟು ಬಂದಿತ್ತು. ನಮ್ಮ ಸಂಸಾರ ಅಲ್ಲಿಗೆ ಹೊರಟಿತು, ಪೆನ್‌ಡ್ರೈವು ಅತ್ತಿಗೆಯ ಪರ್ಸಿನಲ್ಲಿ.

ಫೈಲು ತೆರೆದರೆ ಕಾಡು. ಮೆಮೊರಿಯ ಚಿತ್ರದಲ್ಲಿ ಬರಹ ಬರಹವಾಗಿ ಇರುವುದಿಲ್ಲ. ಮೆನುವಿನ ಹೆಸರು, ಫಾಂಟಿನ ತುಂಡು, ಅರ್ಥವಿಲ್ಲದ ಬೈಟು, ಎಲ್ಲದರ ನಡುವೆ ಎಲ್ಲೋ ಅಜ್ಜ. ಸಾಮಾನ್ಯವಾಗಿ ಇಂಥ ಕಾಡಿನಿಂದ ಅಕ್ಷರ ಹೆಕ್ಕುವ ಸಲಕರಣೆ ಇಂಗ್ಲಿಷನ್ನಷ್ಟೇ ಹೆಕ್ಕುತ್ತದೆ, ಎಂಟು ಬಿಟ್ಟಿನವನ್ನೂ ನೋಡು ಎಂದು ಬೇರೆ ಹೇಳಬೇಕು. ಯೂನಿಕೋಡಿನ ಕನ್ನಡವಾಗಿದ್ದರೆ ಹುಡುಕಬಹುದಿತ್ತು. ಇದೋ ನುಡಿ ಫಾಂಟಿನ ಹಳೆಯ ಸಂಕೇತ, ಅಲ್ಲಿ ಕನ್ನಡ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ವೇಷದಲ್ಲಿರುತ್ತದೆ. 80, 192 ಬಂದರೆ ‘ಕ’. 163, 192 ಬಂದರೆ ‘ನ’. ‘ಕನ್ನಡ’ ಎಂಬ ಪದ ಏಳು ಬೈಟು: 80, 192, 163, 192, 223, 113, 192. ನಾವು ಹುಡುಕಬೇಕಾದದ್ದು ‘ಶರಾವತಿ’. ಅದನ್ನೂ ಸಂಖ್ಯೆಗಿಳಿಸಿ ಹುಡುಕುವ ಸಲಕರಣೆ ಗ್ರೆಪ್‌ಗೆ ಕೊಟ್ಟರು ಅತ್ತಿಗೆ.

ಸಿಕ್ಕಿತು. ಒಂದಲ್ಲ, ಹಲವು ಕಡೆ. ಬೆಳಗಿನ ಕರಡಿನ ಒಂದು ಪ್ಯಾರಾ ಇಲ್ಲಿ, ತಿದ್ದಿದ ಅದೇ ಪ್ಯಾರಾ ಲಕ್ಷ ಬೈಟುಗಳಾಚೆ. ತುಳಸಿಕಟ್ಟೆ ಮೊದಲು ಬಂತು, ಗಾಡಿ ಆಮೇಲೆ. ಅತ್ತಿಗೆ ಒಂದೊಂದೇ ತುಂಡನ್ನು ನುಡಿ ಫಾಂಟಿನಲ್ಲಿ ತೆರೆಯುವರು, ನಾನು ಓದುವೆ, ಅಣ್ಣ ಕಾಗದದ ಮೇಲೆ ಕ್ರಮ ಹಚ್ಚುವ. ನಡುರಾತ್ರಿಯ ಹೊತ್ತಿಗೆ ಲೇಖನ ಪೂರ್ತಿಯಾಗಿ ಎದ್ದು ಕೂತಿತ್ತು. ಪೂರ್ತಿಗಿಂತ ಒಂದು ಸಾಲು ಹೆಚ್ಚೇ.

ಪರಿಹಾರದ ಹಣ ಬಂದಾಗ ಸ್ವಂತ ಅಣ್ಣ ತನಗೆ ಪಾಲು ಕೊಡಲಿಲ್ಲ ಎಂಬ ಸಾಲು. ಅಜ್ಜ ಅದನ್ನು ಹೇಳಿ, ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಮನೆ ಮಾತು, ತೆಗೆ ಮಗಾ” ಎಂದಿದ್ದರಂತೆ. ಅತ್ತಿಗೆ ಆಗಲೇ ಅಳಿಸಿದ್ದರು. ಪರದೆಯಿಂದ ಅಳಿದದ್ದು ಮೆಮೊರಿಯ ಯಾವುದೋ ಮೂಲೆಯಲ್ಲಿ, ‘ಅನ್‌ಡೂ’ಗೆಂದು ಕಾದಿಟ್ಟ ತುಂಡುಗಳ ಜೊತೆ ಉಳಿದುಕೊಂಡಿತ್ತು. ನಾವು ಮೂವರೂ ಅದನ್ನು ಓದಿದೆವು. ಆ ದೊಡ್ಡಜ್ಜನ ಮಕ್ಕಳು ಇವತ್ತಿಗೂ ನಮ್ಮ ಮನೆಗೆ ಬರುವುದಿಲ್ಲ, ಯಾಕೆಂದು ನಮಗೆ ಯಾರೂ ಹೇಳಿರಲಿಲ್ಲ.

ಆ ಸಾಲಿಲ್ಲದೆ ಪುಟ ಕಟ್ಟಿ ಮುದ್ರಣಾಲಯಕ್ಕೆ ಕಳಿಸಿದರು. ಆಮೇಲೆ ಸಾಗರಕ್ಕೆ ಫೋನು. ಮಳೆಗಾಳಿಯ ಸುದ್ದಿ ಟಿವಿಯಲ್ಲಿ ನೋಡಿ ಕಂಗಾಲಾಗಿದ್ದ ಅಜ್ಜ ಮೊದಲು ಪುಟ್ಟನನ್ನು ಕೇಳಿದರು, ಮರ ಎಷ್ಟು ದಪ್ಪದ್ದು ಎಂದು ಕೇಳಿದರು, ಕರೆಂಟು ಬಂತಾ ಎಂದು ಕೇಳಿದರು. ಅತ್ತಿಗೆ ನಡೆದದ್ದನ್ನೆಲ್ಲ ಹೇಳಿ, ಅಳಿಸಿದ ಸಾಲು ಸಿಕ್ಕಿದ್ದನ್ನೂ ಮುಚ್ಚಿಡದೆ ಹೇಳಿದರು.

“ಹೋಗ್ಲಿಲ್ವಾ ಅದು?” ಎಂದರು ಅಜ್ಜ.

“ಇಲ್ಲ ಅಜ್ಜ. ಪುಸ್ತಕದಲ್ಲಿ ಹಾಕಿಲ್ಲ. ಪೆನ್‌ಡ್ರೈವಲ್ಲಿ ಇದೆ. ಅಳಿಸ್ಲಾ?”

“ಅಚ್ಚು ಹಾಕ್ಬೇಡ” ಎಂದರು. ಮತ್ತೆ ಸ್ವಲ್ಪ ತಡೆದು, “ಅಳಿಸೋದೂ ಬೇಡ ಮಾರಾಯ್ತಿ. ಇರ್ಲಿ ಬಿಡು.”